ವಾಡೇದ ಓಣಿಯ ಕುರ್ಚಿ

ನನ್ನ ತೂಕ ಎಷ್ಟು ಎಂಬುದು ನಮ್ಮ ಓಣಿಯ ಪ್ರತಿ ಮನೆಗೂ ಗೊತ್ತಿದೆ. ಕಣ್ಣಂದಾಜಿನಿಂದಲ್ಲ, ಕೈಯಾರೆ ಎತ್ತಿ ನೋಡಿ ಗೊತ್ತಿದೆ. ಇದನ್ನು ಬರೆಯುವಾಗಲೂ ನನ್ನ ಕಿವಿಗಳು ಬಿಸಿಯಾಗುತ್ತವೆ. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು ನಾನು. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟರೆ, ನನಗೇನಾಗಿದೆ ಎಂದು ಸಿಟ್ಟಿಗೇಳುವವಳು. ಅಂಥವಳನ್ನು ಹೋದ ಬೇಸಿಗೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ, ಜೋಳದ ಚೀಲ ದಾಟಿಸಿದಂತೆ ಒಂದು ಮನೆಯವರಿಂದ ಇನ್ನೊಂದು ಮನೆಯವರಿಗೆ ದಾಟಿಸಿದರು. ಅದು ಹೇಗಾಯಿತು ಎಂದು ಹೇಳಬೇಕಾದರೆ ಮೊದಲು ಓಣಿಯ ಬಗ್ಗೆ ಹೇಳಬೇಕು.

ನರಗುಂದ ಒಂದು ಕಾಲಕ್ಕೆ ಸಂಸ್ಥಾನದ ರಾಜಧಾನಿಯಾಗಿತ್ತು. ಈಗ ಹಾಗೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ತಿನ್ನುತ್ತ ನಿಂತವರೂ ನಗುತ್ತಾರೆ. ನಾನು ನಗುವುದಿಲ್ಲ. ನನ್ನ ತವರು ಅಬ್ಬಿಗೇರಿ. ಅಲ್ಲಿಗೆ ಹೋದಾಗಲೆಲ್ಲ ನನ್ನ ತಮ್ಮ, "ರಾಜಧಾನಿಯವರು ಬಂದ್ರು, ಚಾಪಿ ಝಾಡಿಸಿ ಹಾಸ್ರಿ" ಎಂದು ಕಾಡಿಸುತ್ತಾನೆ. ಕಾಡಿಸಲಿ. ಗುಡ್ಡದ ಬುಡದಲ್ಲಿ, ಹಳೆಯ ಊರಿನ ನಡುವೆ ನಮ್ಮ ಓಣಿಯಿದೆ. ವಾಡೇದ ಓಣಿ ಎನ್ನುತ್ತಾರೆ. ಉದ್ದಕ್ಕೂ ಹಾಸುಗಲ್ಲು. ಎರಡೂ ಬದಿ ಮನೆಗಳು, ಮನೆಗೊಂದು ಕಟ್ಟೆ. ಕೆಳಗಿನ ತುದಿಯಲ್ಲಿ, ಹಿಟ್ಟಿನ ಗಿರಣಿಯ ಹತ್ತಿರ, ಸೊಂಟದೆತ್ತರದ ಎರಡು ಗೂಟಗಲ್ಲುಗಳಿವೆ. ಅವುಗಳ ನಡುವೆ ಮನುಷ್ಯರು ದಾಟಬಹುದು, ಎಮ್ಮೆ ದಾಟಬಹುದು, ಬಂಡಿಯಾಗಲಿ ಆಟೋ ಆಗಲಿ ದಾಟಲಾರದು. ಮೇಲಿನ ತುದಿಯಲ್ಲಿ ಆಳುವವರ ವಾಡೆಯಿತ್ತು. ಆಳುವವರು ಹೋದರು, ವಾಡೆ ಬಿತ್ತು, ಅದರ ತೊಲೆಗಳನ್ನು ಯಾರ್‍ಯಾರೋ ಒಯ್ದು ಮನೆ ಕಟ್ಟಿಕೊಂಡರು. ಈಗ ಉಳಿದಿರುವುದು ಬಾಗಿಲಿನ ಒಂದು ಕಲ್ಲು ಚೌಕಟ್ಟು ಮತ್ತು ಅದರ ಸಂದಿಯಲ್ಲಿ ಬೆಳೆದ ಆಲದ ಗಿಡ. ಅದಕ್ಕೆ ಹತ್ತಿದ ಹಾಗೆ ಇರುವುದೇ ನಮ್ಮ ಮನೆ.

ವಾಡೆಯ ಎದುರಿಗೆ ಯಾರೂ ಏನನ್ನೂ ಹತ್ತಿಕೊಂಡು ಬರಬಾರದು, ನಡೆದೇ ಬರಬೇಕು ಎಂಬುದು ಆ ಕಾಲದ ಕಟ್ಟಳೆ. ಮದುಮಗನೂ ಗೂಟಗಲ್ಲಿನ ಹತ್ತಿರ ಕುದುರೆ ಇಳಿಯಬೇಕಿತ್ತು. ಯಾರಿಗೆ ಮರ್ಯಾದೆ ಕೊಡಬೇಕಿತ್ತೋ ಅವರು ಹೋಗಿ ನಾಲ್ಕೈದು ತಲೆಮಾರು ಆಯಿತು, ಕಟ್ಟಳೆ ಮಾತ್ರ ಉಳಿದಿದೆ. ಈಗಲೂ ನಮ್ಮ ಓಣಿಯವರು ಕಲ್ಲಿನ ಹತ್ತಿರ ಮೋಟರ್‌ಸೈಕಲ್ ಬಂದ್ ಮಾಡಿ, ತಳ್ಳಿಕೊಂಡೇ ಮನೆಗೆ ಬರುತ್ತಾರೆ. ಬಿಸಿಲಲ್ಲಿ ಬೆವರು ಸುರಿಸುತ್ತ, ಗಾಡಿಯ ಹ್ಯಾಂಡಲ್ ಹಿಡಿದು ಏದುಸಿರು ಬಿಡುತ್ತ ಬರುವವರನ್ನು ನೋಡಿ ಹೊರಗಿನವರು ಪೆಟ್ರೋಲ್ ಖಾಲಿಯಾಗಿದೆ ಎಂದುಕೊಳ್ಳುತ್ತಾರೆ.

ಹಾಗಾದರೆ ನಡೆಯಲಾರದವರ ಗತಿ ಏನು? ಅದಕ್ಕೇ ಕುರ್ಚಿ ಇರುವುದು. ಗಿರಣಿಯ ಪಡಸಾಲೆಯಲ್ಲಿ ಒಂದು ದೊಡ್ಡ ಮರದ ಕುರ್ಚಿ ಇಟ್ಟಿದ್ದಾರೆ. ಅದರ ಕೈಗಳ ಕೆಳಗೆ ಎರಡು ಬಿದಿರಿನ ಗಳ ಕಟ್ಟಿದ್ದಾರೆ. ವಾಡೆಯದೇ ಕುರ್ಚಿ ಎಂದು ನಾನು ಹೇಳುತ್ತೇನೆ. ಯಾವುದೋ ಕಚೇರಿಯ ಹರಾಜಿನಲ್ಲಿ ಬಂದದ್ದು ಎಂದು ನಮ್ಮ ಮನೆಯವರು ಹೇಳುತ್ತಾರೆ. ಇರಲಿ. ರೋಗಿಯೋ ಬಾಣಂತಿಯೋ ಓಣಿ ದಾಟಬೇಕಾದರೆ ಅದರಲ್ಲಿ ಕೂರಬೇಕು. ಅವರ ಮನೆಯವರಿಬ್ಬರು, ಒಬ್ಬರು ಮುಂದೆ ಒಬ್ಬರು ಹಿಂದೆ, ಎತ್ತಿಕೊಂಡು ಎದುರು ಮನೆಯ ಕಟ್ಟೆಯವರೆಗೆ ಒಯ್ಯುತ್ತಾರೆ. ಅಲ್ಲಿ ಇಳಿಸುತ್ತಾರೆ. ಆ ಮನೆಯವರಿಬ್ಬರು ಎತ್ತಿಕೊಂಡು ಆಚೆ ಬದಿಯ ಮುಂದಿನ ಕಟ್ಟೆಗೆ ಒಯ್ಯುತ್ತಾರೆ. ಹೀಗೆ ಕುರ್ಚಿ ಆ ಬದಿ ಈ ಬದಿ ಹೊರಳುತ್ತ ಪ್ರತಿ ಮನೆಯ ಕೈ ದಾಟಿ ಗೂಟಗಲ್ಲು ಮುಟ್ಟಬೇಕು. ಎತ್ತುವ ಮುಂಚೆ "ಎತ್ತೋಣೇನ್ರಿ?" ಎಂದು ಕೇಳಬೇಕು, ಕೂತವರು "ಎತ್ರಿ" ಎನ್ನಬೇಕು. ಎರಡು ಕಟ್ಟೆಗಳ ನಡುವೆ ಕುರ್ಚಿ ನೆಲ ಮುಟ್ಟಬಾರದು. ಮುಟ್ಟಿದರೆ ಆ ಮನೆಯವರ ಕೈ ಸೋತಿತೆಂದು ಓಣಿ ಬಹಳ ದಿನ ಆಡಿಕೊಳ್ಳುತ್ತದೆ. ಯಾವ ಮನೆಯನ್ನೂ ಬಿಟ್ಟು ಮುಂದೆ ಹೋಗುವಂತಿಲ್ಲ. ಬಿಟ್ಟರೆ, ನೀವು ನಮ್ಮವರಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಗಂಡಸರು ಊರಲ್ಲಿ ಇಲ್ಲದ ಮನೆಗೆ ಮಾತ್ರ ವಿನಾಯಿತಿ. ಆಗ ಮುಂದಿನ ಮನೆಯವರು ಬಂದು ಎತ್ತಿಕೊಂಡು ಹೋಗುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ.

ಈ ಕಟ್ಟಳೆಗಳಿಗೆಲ್ಲ ಓಣಿಯಲ್ಲಿ ಒಬ್ಬ ಕಾವಲುಗಾರ್ತಿ ಇದ್ದಾಳೆ ಎಂದು ನಮ್ಮ ಮನೆಯವರು ನನ್ನ ಬಗ್ಗೆ ಹೇಳುತ್ತಾರೆ. ಸುಳ್ಳಲ್ಲ. ಯಾರಾದರೂ ಗಾಡಿ ಹತ್ತಿಕೊಂಡೇ ಓಣಿಗೆ ನುಗ್ಗಿದರೆ ನನಗೆ ಅಡುಗೆಮನೆಯಲ್ಲೇ ಗೊತ್ತಾಗುತ್ತದೆ. ಒಲೆ ಆರಿಸಿ ಹೊರಗೆ ಬರುತ್ತೇನೆ. ಅವತ್ತು ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದೆ. ಒಬ್ಬ ಭರ್ ಎಂದು ಮೋಟರ್‌ಸೈಕಲ್ ಬಿಟ್ಟುಕೊಂಡು ಕಲ್ಲುಗಳ ನಡುವೆ ನುಗ್ಗಿದ. "ಇಳೀಯೋ! ಇಳದ ನಡೀಯೋ!" ಎಂದು ಕೂಗುತ್ತ ಅವನ ಹಿಂದೆ ಎರಡು ಹೆಜ್ಜೆ ಓಡಿದೆ. ಗಿರಣಿಯವರು ಆಗಷ್ಟೇ ಮುಂದಿನ ಹಾಸುಗಲ್ಲು ತೊಳೆದಿದ್ದರು. ಜಾರಿದೆ. ಕಾಲು ಕೆಳಗೆ ಮಡಚಿಕೊಂಡು, ನಾನು ಅದರ ಮೇಲೆ ಬಿದ್ದೆ. ಆ ಮನುಷ್ಯ ಗಾಡಿ ನಿಲ್ಲಿಸಿ, ಇಳಿದು ಓಡಿ ಬಂದ. ನೋಡಿದರೆ ನನ್ನದೇ ಹಳೆಯ ವಿದ್ಯಾರ್ಥಿ, ಈಗ ಮೀಸೆ ಬಂದು ಹೊಟ್ಟೆ ಬಂದಿದೆ. ನನ್ನ ಮುಂದೆ ಕೈಕಟ್ಟಿ ನಿಂತು, "ಇಳದೀನ್ರಿ ಅಕ್ಕೋರ, ಈಗ ನೀವು ಏಳ್ರಿ" ಎಂದ. ಏಳಲಾಗಲಿಲ್ಲ.

ಬಿದ್ದದ್ದು ಕಲ್ಲಿನ ಹತ್ತಿರವೇ ಆದ್ದರಿಂದ ಅಲ್ಲಿಂದಲೇ ಗಾಡಿ ಮಾಡಿ ಗದಗಿನ ದವಾಖಾನೆಗೆ ಒಯ್ದರು. ಮೂಳೆ ಮುರಿದಿತ್ತು, ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದರು. ವಾರ ಬಿಟ್ಟು ಬಂದು ತೋರಿಸಬೇಕು ಎಂದರು. ವಾಪಸು ಬರುವಾಗ ನಾನು ಹಟ ಹಿಡಿದು ಮಧ್ಯಾಹ್ನದ ಹೊತ್ತಿಗೇ ಊರು ಮುಟ್ಟುವಂತೆ ನೋಡಿಕೊಂಡೆ. ಓಣಿ ಉಂಡು ಮಲಗಿರುತ್ತದೆ. ನಮ್ಮ ಮನೆಯವರ ಹೆಗಲಿಗೊಂದು ಕೈ, ನನ್ನ ತಮ್ಮನ ಹೆಗಲಿಗೊಂದು ಕೈ ಹಾಕಿ, ಒಂದೇ ಕಾಲಿನಲ್ಲಿ ಕುಂಟುತ್ತ, ಅಲ್ಲಲ್ಲಿ ನಿಂತು ಉಸಿರು ಬಿಡುತ್ತ ಕಳ್ಳರಂತೆ ಮನೆ ಸೇರಿದೆವು. ಕುರ್ಚಿ ತರಬೇಡಿ ಎಂದು ನಾನು ಮೊದಲೇ ಹೇಳಿದ್ದೆ. ನಮ್ಮ ಮನೆಯವರು ಮೂರು ದಿನ ಭುಜಕ್ಕೆ ಎಣ್ಣೆ ಹಚ್ಚಿಕೊಂಡರು.

ಕುರ್ಚಿ ಬೇಡ ಎಂದದ್ದಕ್ಕೆ ಕಾರಣ ಬರೀ ತೂಕವಲ್ಲ. ತೂಕದ ನಾಚಿಕೆ ಇದ್ದೇ ಇತ್ತು. ಆದರೆ ನಮ್ಮ ಮನೆಯಿಂದ ಎತ್ತಿದ ಕುರ್ಚಿ ಮೊದಲು ಇಳಿಯಬೇಕಾದದ್ದು ಎದುರಿನ ಗಾದಿ ಮನೆಯ ಕಟ್ಟೆಯ ಮೇಲೆ. ಆ ಮನೆಗೂ ನನಗೂ ಮಾತಿರಲಿಲ್ಲ.

ಅವರದು ತಲೆಮಾರುಗಳಿಂದ ಹತ್ತಿ ಹಿಂಜಿ ಗಾದಿ ಹೊಲಿಯುವ ಕೆಲಸ. ಮನೆಯ ಹಿರಿಯಳನ್ನು ಇಡೀ ಓಣಿ ಗಾದಿ ಆಯಿ ಎನ್ನುತ್ತದೆ. ನನಗಿಂತ ಆರೇಳು ವರ್ಷ ದೊಡ್ಡವಳು. ಸಣ್ಣ ಆಳು. ಹತ್ತಿಯ ಧೂಳು ಕುಡಿದು ಕುಡಿದು ಎದೆಯಲ್ಲಿ ಸದಾ ಒಂದು ಸಿಳ್ಳೆ. ನಾನು ಸೊಸೆಯಾಗಿ ಈ ಓಣಿಗೆ ಬಂದಾಗಿನಿಂದ ನಾವಿಬ್ಬರೂ ಚೆನ್ನಾಗಿಯೇ ಇದ್ದೆವು. ಬೇಸಿಗೆಯಲ್ಲಿ ನಾನು ಹೊಸೆದ ಶಾವಿಗೆಯಲ್ಲಿ ಒಂದು ಪಾಲು ಆಕೆಯ ಮನೆಗೆ ಹೋಗುತ್ತಿತ್ತು. ರಮಜಾನಿನ ದಿನ ಅದೇ ಶಾವಿಗೆ ಸುರಕುಂಬಾ ಆಗಿ, ದ್ರಾಕ್ಷಿ ಗೋಡಂಬಿ ಹಾಕಿಸಿಕೊಂಡು, ನಮ್ಮ ಮನೆಗೆ ವಾಪಸು ಬರುತ್ತಿತ್ತು.

ನಾನು ಬೀಳುವುದಕ್ಕೆ ನಾಲ್ಕು ಬೇಸಿಗೆಯ ಹಿಂದೆ ಆ ಶಾವಿಗೆಯೇ ಕೆಡಿಸಿತು. ಹೊರಸಿನ ಮೇಲೆ ಬಿಳಿ ಪಂಚೆ ಹಾಸಿ ಶಾವಿಗೆ ಒಣಹಾಕಿದ್ದೆ. ಅವರ ಮಕ್ಕಳು ಹೊಸದಾಗಿ ತಂದ ಹಿಂಜುವ ಯಂತ್ರ ಚಾಲೂ ಮಾಡಿದರು. ಗಾಳಿ ನಮ್ಮ ಕಡೆಗಿತ್ತು. ಸಂಜೆ ನೋಡಿದರೆ ಶಾವಿಗೆಗೆಲ್ಲ ಹತ್ತಿಯ ಮೀಸೆ ಬಂದಿತ್ತು. ಸಿಟ್ಟು ನೆತ್ತಿಗೇರಿತು. ಅಷ್ಟನ್ನೂ ಗಂಟು ಕಟ್ಟಿ ಒಯ್ದು ಅವರ ಕಟ್ಟೆಯ ಮೇಲೆ ಒಗೆದು, "ತಗೋರಿ, ಇದನ್ನೂ ಗಾದಿಯಾಗ ತುಂಬ್ರಿ" ಎಂದೆ. ಆಯಿ ಏನು ಕಡಿಮೆಯೇ? ಬೆಳಗಾಗುವುದರಲ್ಲಿ ಗಂಟು ನಮ್ಮ ಕಟ್ಟೆಯ ಮೇಲಿತ್ತು. "ಶಾವಿಗಿ ನಿಮ್ಮದು, ಹತ್ತಿ ನಮ್ಮದು. ಹತ್ತಿ ಆರಿಸಿ ತಿರುಗಿ ಕೊಡ್ರಿ" ಎಂದಳು. ಅವತ್ತೇ ಕೊನೆ.

ಮಾತು ಬಿಟ್ಟೆವು ಎಂದರೆ ಸುಮ್ಮನಾದೆವು ಎಂದಲ್ಲ. ಎದುರುಬದುರು ಮನೆ, ಸುಮ್ಮನಿರಲು ಹೇಗೆ ಸಾಧ್ಯ? ನಳದ ನೀರು ಬಂದರೆ ಆಕೆ ಕಟ್ಟೆಗೆ ಕಟ್ಟಿದ ತನ್ನ ಆಡಿಗೆ ಹೇಳುತ್ತಿದ್ದಳು: "ನಳಾ ಬಂದೈತಿ, ಯಾರೋ ಮಲಗ್ಯಾರ ಕಾಣ್ತೈತಿ." ಆಕೆಯ ಒಣಹಾಕಿದ ಸೀರೆ ಹಾರಿಹೋಗುವಂತಿದ್ದರೆ ನಾನು ನಮ್ಮ ಗೋಡೆಗೆ ಹೇಳುತ್ತಿದ್ದೆ: "ಯಾರದೋ ಸೀರಿ ಗುಡ್ಡ ಹತ್ತಾಕ ಹೊಂಟೈತಿ." ಹೀಗೆ ಆಡು ಮತ್ತು ಗೋಡೆಯ ಮೂಲಕ ನಾಲ್ಕು ವರ್ಷ ಬಾಳ್ವೆ ಮಾಡಿದೆವು. ಮುಖ ನೋಡಿ ಒಂದು ಮಾತು ಆಡಿರಲಿಲ್ಲ. ಅಂಥ ಮನೆಯವರು ಬಂದು "ಎತ್ತೋಣೇನ್ರಿ?" ಎಂದು ಕೇಳುವುದು, ನಾನು "ಎತ್ರಿ" ಎನ್ನುವುದು, ಆಮೇಲೆ ಅವರು ನನ್ನ ಭಾರ ಹೊರುವುದು! ಕಾಲು ಹೋದರೂ ಅದು ಬೇಡ ಎನಿಸಿತು.

ಕಾಲು ಹೋಗುವ ಹಾಗೆಯೇ ಆಯಿತು. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು, ನಾನು ಇವತ್ತು ನಾಳೆ ಎನ್ನುತ್ತ ದವಾಖಾನೆಗೆ ಹೋಗಲಿಲ್ಲ. ಪ್ಲಾಸ್ಟರಿನಿಂದ ಹೊರಗಿದ್ದ ಬೆರಳುಗಳು ಬಾತು ನೇರಳೆ ಬಣ್ಣಕ್ಕೆ ತಿರುಗಿದವು. ಒಳಗೆ ಚುಚ್ಚುತ್ತಿತ್ತು, ವಾಸನೆ ಬರಲು ಶುರುವಾಗಿತ್ತು. ನಮ್ಮ ಮನೆಯವರು ಡಾಕ್ಟರಿಗೆ ಫೋನ್ ಹಚ್ಚಿದರು. ಹೀಗೇ ಬಿಟ್ಟರೆ ಕಾಲು ಉಳಿಯುವ ಭರವಸೆ ಕೊಡಲಾರೆ, ಕೂಡಲೇ ಕರೆದುಕೊಂಡು ಬನ್ನಿ ಎಂದು ಅವರು ಗದರಿಸಿದ್ದು ನನಗೂ ಕೇಳಿಸಿತು.

"ಈಗರೆ ಹೋಗೂಣೇನು?" ಎಂದರು ನಮ್ಮ ಮನೆಯವರು.

"ನಾಡಿದ್ದು ಹೋಗೂಣ್ರಿ," ಎಂದೆ.

"ನಾಡಿದ್ದ ಯಾಕ?"

ಹೇಳಲಿಲ್ಲ. ನಾಡಿದ್ದು ಗಜೇಂದ್ರಗಡದ ಸಂತೆ. ಗಾದಿ ಮನೆಯ ಇಬ್ಬರು ಗಂಡುಮಕ್ಕಳೂ ನಸುಕಿನಲ್ಲೇ ಗಾದಿ ಹೇರಿಕೊಂಡು ಅಲ್ಲಿಗೆ ಹೋಗುತ್ತಾರೆ. ಗಂಡಸರಿಲ್ಲದ ಮನೆಗೆ ವಿನಾಯಿತಿ. ಕುರ್ಚಿ ಅವರ ಕಟ್ಟೆಗೆ ಹೆಸರಿಗೆ ಮುಟ್ಟಿ, ಮುಂದಿನ ಮನೆಯ ದರ್ಜಿಯ ಕೈಗೆ ಹೋಗುತ್ತದೆ. ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಕಾಲು ಕೊಳೆಯುತ್ತಿರುವಾಗ ನಾನು ಹಾಸಿಗೆಯಲ್ಲಿ ಮಲಗಿ ಈ ಉಪಾಯ ಹೂಡಿದೆ, ಮತ್ತು ಎಂಥ ಜಾಣೆ ನಾನು ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ಆ ದಿನ ತಮ್ಮ ಅಬ್ಬಿಗೇರಿಯಿಂದ ಗಾಡಿ ಮಾಡಿಕೊಂಡು ಬಂದ. ಗಿರಣಿಯಿಂದ ಕುರ್ಚಿ ತಂದರು. ಓಣಿಯಲ್ಲಿ ಕುರ್ಚಿ ಮೇಲಕ್ಕೆ ಬಂತೆಂದರೆ ಎಲ್ಲರೂ ಕಟ್ಟೆಗೆ ಬಂದು ನಿಲ್ಲುತ್ತಾರೆ, ಅದು ರೂಢಿ. ನಿಂತರು. ಒಬ್ಬ ಮೊಬೈಲ್ ಎತ್ತಿದ, ನಾನು ನೋಡಿದ ನೋಟಕ್ಕೆ ಕಿಸೆಗೆ ಇಳಿಸಿದ. ಕುರ್ಚಿಯಲ್ಲಿ ಕೂತೆ. ಅದು ಕಿರ್ ಎಂದಿತು. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಸೀರೆಯನ್ನು ಎಷ್ಟು ಎಳೆದುಕೊಂಡರೂ ಪ್ಲಾಸ್ಟರಿನ ಕಾಲು ಹೊರಗೇ ಚಾಚಿತ್ತು. ತಮ್ಮ ಮುಂದೆ, ನಮ್ಮ ಮನೆಯವರು ಹಿಂದೆ ನಿಂತು ಎತ್ತಿದರು.

"ಯಕ್ಕಾ, ರಾಜಧಾನಿ ಒಳಗ ಊಟ ಭಾಳ ಚಲೋ ಇರ್ತದ ಕಾಣ್ತೈತಿ," ಎಂದ ತಮ್ಮ, ಹಲ್ಲು ಕಚ್ಚಿಕೊಂಡು.

ಗಾದಿ ಮನೆಯ ಕಟ್ಟೆಯ ಮೇಲೆ ಇಳಿಸಿದರು. ನಾನು ದರ್ಜಿಯ ಮನೆಯ ಕಡೆಗೆ ನೋಡಿದೆ. ದರ್ಜಿಯೂ ಅವನ ತಮ್ಮನೂ ಆಗಲೇ ಕಟ್ಟೆ ಇಳಿದು ಬರುತ್ತಿದ್ದರು. ಎಲ್ಲಾ ನಾನು ಎಣಿಸಿದ ಹಾಗೆಯೇ ನಡೆದಿತ್ತು.

ಆಗ ಗಾದಿ ಮನೆಯ ಬಾಗಿಲು ತೆರೆಯಿತು. ಆಯಿ ಹೊರಗೆ ಬಂದಳು, ಹಿಂದೆ ಆಕೆಯ ಸೊಸೆ. ಆಯಿ ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದಳು. ದರ್ಜಿ, "ಬಿಡ್ರಿ ಆಯಿ, ಗಂಡಸರು ಮನ್ಯಾಗಿಲ್ಲ, ನಾವು ಒಯ್ತೀವಿ" ಎಂದ.

"ಗಂಡಸರು ಇಲ್ಲಂದ್ರ ಮನಿ ಇಲ್ಲೇನೋ?" ಎಂದಳು ಆಯಿ. "ನಮ್ಮ ಪಾಳಿ ನಾವು ಮಾಡ್ತೀವಿ. ನಿನ್ನ ಕಟ್ಟಿಗೆ ಹೋಗಿ ನಿಂದರು."

ಸೊಸೆ ಮುಂದೆ ಹೋಗಿ ಗಳ ಹಿಡಿದಳು. ಆಯಿ ನನ್ನ ಬೆನ್ನ ಹಿಂದೆ ಬಂದು ನಿಂತಳು. ನನಗೆ ಆಕೆಯ ಮುಖ ಕಾಣುತ್ತಿರಲಿಲ್ಲ. ಕಿವಿಯ ಹತ್ತಿರ ಆಕೆಯ ಎದೆಯ ಸಿಳ್ಳೆ ಮಾತ್ರ ಕೇಳುತ್ತಿತ್ತು. ಆಕೆ ತನ್ನ ಆಡಿಗೆ ಕೇಳುವ ದನಿಯಲ್ಲೇ ಗಾಳಿಗೆ ಕೇಳಿದಳು: "ಎತ್ತೋಣೇನು?"

ನಾನು ಹೇಳಬೇಕಿತ್ತು. ಬೇಡ್ರಿ ಆಯಿ, ನಿಮಗೆ ಆಗುವುದಿಲ್ಲ ಎನ್ನಬೇಕಿತ್ತು. ಇಲ್ಲ, ಕೊನೆಗೆ ಎತ್ರಿ ಎಂದಾದರೂ ಅನ್ನಬೇಕಿತ್ತು. ಮೊದಲು ಮಾತಾಡಿದವಳು ನಾನಾಗಬಾರದು ಎಂಬ ಹಾಳು ಹಟ ಆ ಗಳಿಗೆಯಲ್ಲೂ ಬಿಡಲಿಲ್ಲ. ಎಲ್ಲರೂ ಕಾಯುತ್ತಿದ್ದರು. ತಡೆಯಲಾರದೆ ನಮ್ಮ ಮನೆಯವರು, "ಎತ್ರಿ ಆಯಿ" ಎಂದರು.

ಎತ್ತಿದರು. ಜೀವನವಿಡೀ ಗಾದಿ ಎತ್ತಿದ ಕೈ ಅದು, ಎತ್ತಿಯೇ ಬಿಟ್ಟಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಸಿಳ್ಳೆ ದೊಡ್ಡದಾಯಿತು. ಕುರ್ಚಿ ಹಿಂದಕ್ಕೆ ಓಲುತ್ತಿತ್ತು. ನಾನು ಹಗುರಾಗಲಿ ಎಂದು ಉಸಿರು ಹಿಡಿದು ಕೂತೆ, ಉಸಿರು ಹಿಡಿದರೆ ಮನುಷ್ಯರ ತೂಕ ಇಳಿಯುತ್ತದೆಯೇ? ಇಳಸ್ರಿ ಎಂದು ಒಂದು ಶಬ್ದ ಆಡಿದ್ದರೆ ಮುಗಿದಿತ್ತು. ಆಡಲಿಲ್ಲ. ಓಣಿಯ ಸರಿಯಾಗಿ ನಡುವೆ, ಎಲ್ಲರೂ ನೋಡುತ್ತಿರುವಾಗ, ಕುರ್ಚಿಯ ಹಿಂದಿನ ಕಾಲುಗಳು ಹಾಸುಗಲ್ಲಿಗೆ ಧಪ್ ಎಂದು ತಾಗಿದವು.

ಎರಡು ಕಟ್ಟೆಗಳ ನಡುವೆ ಕುರ್ಚಿ ನೆಲ ಮುಟ್ಟಿದ್ದನ್ನು ನಾನು ಈ ಓಣಿಗೆ ಬಂದಮೇಲೆ ಕಂಡಿರಲಿಲ್ಲ. ಮುಟ್ಟಿಸಿದ್ದು ನಾನು, ನನ್ನ ಮೈ, ನನ್ನ ಉಪಾಯ. ಆದರೆ ಹೆಸರು ಹೋಗುವುದು ಗಾದಿ ಮನೆಯದು. ನಾನು ಕಣ್ಣು ಮುಚ್ಚಿಕೊಂಡೆ. ಯಾರಾದರೂ ಏನಾದರೂ ಅನ್ನುತ್ತಾರೆ, ಅನ್ನಲಿ, ನನಗೇ ಅನ್ನಲಿ ಎಂದು ಕಾದೆ.

ಹಿಂದಿನಿಂದ ಆಯಿಯ ದನಿ ಬಂತು. ಏದುಸಿರಿನ ನಡುವೆ, ಆದರೆ ಕೆಳಗಿನ ಗಿರಣಿಯವರೆಗೂ ಕೇಳುವಷ್ಟು ಗಟ್ಟಿಯಾಗಿ.

"ಅಕ್ಕೋರು ಹಗುರನ ಅದಾರ," ಎಂದಳು. "ನನ್ನ ಕೈಯಾಗ ಕಸುವಿಲ್ಲ, ಅಷ್ಟ."

ದರ್ಜಿ ಓಡಿ ಬಂದು ಗಳಕ್ಕೆ ಕೈ ಹಾಕಲು ಹೋದ. "ಸರಿ ಅತ್ತಾಗ. ಪಾಳಿ ಮುಗದಿಲ್ಲ," ಎಂದು ಅವನನ್ನು ದೂಡಿದಳು. ಮತ್ತೆ ಎತ್ತಿದಳು. ದರ್ಜಿಯ ಕಟ್ಟೆ ಮುಟ್ಟಿಸಿಯೇ ಬಿಟ್ಟಳು. ನಾನು ತಿರುಗಿ ನೋಡುವ ಹೊತ್ತಿಗೆ ಆಕೆ ಸೊಸೆಯ ಹೆಗಲು ಹಿಡಿದು ಮನೆಯ ಕಡೆಗೆ ಹೋಗುತ್ತಿದ್ದಳು. ಎರಡೂ ಅಂಗೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಆಮೇಲಿನ ಮನೆಗಳವರು ಎತ್ತಿದ್ದು, ಇಳಿಸಿದ್ದು, ಕೇಳಿದ್ದು ಯಾವುದೂ ನನಗೆ ಸರಿಯಾಗಿ ನೆನಪಿಲ್ಲ. ಎಲ್ಲರಿಗೂ "ಎತ್ರಿ, ಎತ್ರಿ" ಎಂದೆ. ಹೇಳಬೇಕಾದವಳಿಗೆ ಹೇಳದ ಮಾತನ್ನು ಉಳಿದವರಿಗೆಲ್ಲ ಹಂಚುತ್ತ ಹೋದೆ.

ಗದಗಿನಲ್ಲಿ ಪ್ಲಾಸ್ಟರ್ ಕತ್ತರಿಸಿದರು. ಒಳಗೆ ಚರ್ಮ ಹುಣ್ಣಾಗಿ ಕೀವು ಕಟ್ಟಿತ್ತು. ಇನ್ನೆರಡು ದಿನ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರು ಬಿಡಿಸಿ ಹೇಳಿದರು, ನಮ್ಮ ಮನೆಯವರು ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ತೊಳೆದು, ಔಷಧ ಹಚ್ಚಿ, ಬೇರೆ ಪಟ್ಟಿ ಹಾಕಿದರು. ಕಾಲು ಉಳಿಯಿತು. ಸಂತೋಷಪಡಬೇಕಿತ್ತು. ನನಗೆ ಒಂದೇ ಯೋಚನೆ, ವಾಪಸು ಹೋದಾಗ ಆಯಿಗೆ ಏನು ಹೇಳಲಿ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಒಂದು ತೀರಾ ಗತ್ತಿನದಾಯಿತು, ಒಂದು ತೀರಾ ಅಳುಬುರುಕು ಆಯಿತು. ಒಂದರಲ್ಲಿ ಶಾವಿಗೆಯ ವಿಷಯ ಬಂದು ಮತ್ತೆ ಜಗಳದ ಹಾಗೆ ಕೇಳಿಸಿತು.

"ಏನ ಗೊಣಗಾಕತ್ತಿ?" ಎಂದರು ನಮ್ಮ ಮನೆಯವರು.

"ಏನಿಲ್ರಿ. ಪಾಠ ತಯಾರ ಮಾಡಾಕತ್ತೀನಿ."

ಗೂಟಗಲ್ಲು ಮುಟ್ಟಿದಾಗ ಸಂಜೆಯ ಬಿಸಿಲು ಗುಡ್ಡದ ಮೇಲಿತ್ತು. ಬೆಳಿಗ್ಗೆ ಇಳಿದ ಕ್ರಮದ ತಿರುವುಮುರುವಾಗಿ ಕುರ್ಚಿ ಮೇಲೆ ಹತ್ತಿತು. ಕೊನೆಗೆ ದರ್ಜಿ ಮತ್ತು ಅವನ ತಮ್ಮ ನನ್ನನ್ನು ಗಾದಿ ಮನೆಯ ಕಟ್ಟೆಯ ಮೇಲೆ ಇಳಿಸಿ ಬದಿಗೆ ಸರಿದರು. ಆಯಿಯ ಇಬ್ಬರು ಮಕ್ಕಳೂ ಸಂತೆಯಿಂದ ಬಂದಿದ್ದರು. ಕಟ್ಟುಮಸ್ತಾದ ಆಳುಗಳು. ಗಳ ಹಿಡಿದು, "ಎತ್ತೋಣೇನ್ರಿ ಅಕ್ಕೋರ?" ಎಂದರು. ಆಯಿ ಹೊರಗೆ ಬರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಕತ್ತಲು.

ಎತ್ರಿ ಎಂದರೆ ನಾಲ್ಕು ಹಾರುಹೆಜ್ಜೆಯಲ್ಲಿ ನನ್ನ ಮನೆ. ನಾಳೆಯಿಂದ ಮತ್ತೆ ಆಡು, ಗೋಡೆ.

"ತಡೀರಿ," ಎಂದೆ. ಆಮೇಲೆ ಆ ಅರ್ಧ ಬಾಗಿಲಿನ ಕಡೆಗೆ ತಿರುಗಿದೆ. ದಾರಿಯುದ್ದಕ್ಕೂ ಜೋಡಿಸಿದ ಮಾತು ಒಂದೂ ಬರಲಿಲ್ಲ. ಬಾಯಿಗೆ ಬಂದದ್ದು ಅದೇ ಹಳೆಯ ಚಾಳಿ. ಬಾಗಿಲ ಚೌಕಟ್ಟಿಗೆ ಹೇಳಿದೆ: "ಯಾರರೆ ಒಂದ ತಂಬಿಗಿ ನೀರ ಕೊಟ್ರ ಕುಡೀತಿದ್ದೆ."

ಒಳಗಿನಿಂದ ಸಿಳ್ಳೆಯ ಜೊತೆ ದನಿ ಬಂತು: "ಯಾರರೆ ಒಳಗ ಬಂದ ಕುಡದ್ರ, ಯಾರೂ ಬ್ಯಾಡ ಅನ್ನಂಗಿಲ್ಲ."

ಮಕ್ಕಳು ಕುರ್ಚಿಯ ಸಮೇತ ಎತ್ತಲು ಬಂದರು. ನಾನು ಕೈ ಅಡ್ಡ ಮಾಡಿದೆ. ಆ ಮನೆಯವರ ಕೈಗೆ ಇವತ್ತು ಕೊಟ್ಟ ಭಾರವೇ ಸಾಕಾಗಿತ್ತು. ಕುರ್ಚಿಯಿಂದ ಕಟ್ಟೆಗೆ ಇಳಿದು ಕೂತೆ. ಇನ್ನು ಮುಂದಿನದನ್ನು ಹೇಗೆ ಬರೆಯಲಿ? ಶಾಲೆಯಲ್ಲಿ ಈ ಶಬ್ದ ಆಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು, ಆದರೆ ಬೇರೆ ಶಬ್ದವಿಲ್ಲ. ಕುಂಡಿಯ ಮೇಲೆ ಸರಿಯುತ್ತ ಹೋದೆ. ಎರಡೂ ಕೈ ಊರಿ, ಮೈ ಎತ್ತಿ ಹಿಂದಕ್ಕೆ ಹಾಕಿ, ಪಟ್ಟಿ ಕಟ್ಟಿದ ಕಾಲನ್ನು ಎಳೆದುಕೊಂಡು. ಹಿಮ್ಮುಖವಾಗಿ ಸರಿಯುತ್ತಿದ್ದುದರಿಂದ ನನ್ನ ಮುಖ ಓಣಿಯ ಕಡೆಗೇ ಇತ್ತು. ದರ್ಜಿ, ಅವನ ತಮ್ಮ, ಗಿರಣಿಯವರು, ಮೋಟರ್‌ಸೈಕಲ್ ತಳ್ಳುತ್ತ ಬಂದು ನಿಂತ ಯಾರೋ ಒಬ್ಬರು, ಎಲ್ಲರೂ ಕಂಡರು. ನಮ್ಮ ಮನೆಯವರು ಒಮ್ಮೆ ಮುಂದೆ ಬಂದು, ಏನೋ ತಿಳಿದು, ನಿಂತುಬಿಟ್ಟರು. ಬೆಳಿಗ್ಗೆ ಕುರ್ಚಿಯಲ್ಲಿ ಕೂತಾಗ ಭೂಮಿ ಬಾಯಿ ಬಿಡಬಾರದೇ ಎನಿಸಿತ್ತು. ಈಗಲೂ ನಾಚಿಕೆ ಅಷ್ಟೇ ಇತ್ತು, ಕಡಿಮೆಯಾಗಿರಲಿಲ್ಲ. ಹೊಸ್ತಿಲು ಎತ್ತರವಾಗಿತ್ತು. ಎರಡನೆಯ ಸಲಕ್ಕೆ ದಾಟಿದೆ.

ಒಳಗೆ ಹತ್ತಿಯ ರಾಶಿಗೆ ಒರಗಿ ಆಯಿ ಕೂತಿದ್ದಳು. ಮುಂದೆ ಒಂದು ಬೋಗುಣಿ. ಬಿಸಿನೀರಿಗೆ ಅರಿಶಿಣ ಹಾಕಿ ಎರಡೂ ಕೈ ಅದ್ದಿಕೊಂಡಿದ್ದಳು. ನನ್ನನ್ನು ಕಂಡು ಕೈ ತೆಗೆದು ಮಡಿಲಲ್ಲಿ ಮುಚ್ಚಿಕೊಳ್ಳಲು ನೋಡಿದಳು, ಅಷ್ಟರಲ್ಲಿ ನನಗೆ ಕಂಡಿತು. ಗಳ ಒತ್ತಿದ ಕಡೆ ಬೊಬ್ಬೆ ಎದ್ದು, ಒಂದೆರಡು ಒಡೆದಿದ್ದವು. ಸೊಸೆ ತಂಬಿಗೆಯಲ್ಲಿ ನೀರು ತಂದು ನನ್ನ ಪಕ್ಕದಲ್ಲಿ ಇಟ್ಟು ಒಳಗೆ ಹೋದಳು. ನಾನು ತಂಬಿಗೆ ಮುಟ್ಟಲಿಲ್ಲ. ಆ ಕೈಗಳನ್ನೇ ನೋಡುತ್ತ ಕೂತೆ.

ಆಯಿ ಉಸಿರು ಹತೋಟಿಗೆ ತಂದುಕೊಂಡಳು. ಹೊರಗೆ ಯಾರಿಗೂ ಕೇಳಬಾರದೆಂದು ಬಾಗಿಲ ಕಡೆ ಒಮ್ಮೆ ನೋಡಿ, ಸ್ವಲ್ಪ ಮುಂದೆ ಬಾಗಿದಳು. ಆಡಿಗಲ್ಲ, ಗೋಡೆಗಲ್ಲ, ನನ್ನ ಮುಖ ನೋಡಿ ಮೆಲ್ಲಗೆ ಹೇಳಿದಳು.

"ಖರೇ ಹೇಳ್ತೀನ್ರಿ ಅಕ್ಕೋರ. ಭಾಳ ಭಾರ ಅದೀರಿ ನೀವು."

"ಹೌದ್ರಿ ಆಯಿ," ಎಂದೆ. ನಾಲ್ಕು ವರ್ಷದ ಮೇಲೆ ನಾನು ಆಕೆಗೆ ಆಡಿದ ಮೊದಲ ಮಾತು ಅದು.